ವಿಚ್ಛೇದನದ ವಾಕ್ಯಗಳು ಮತ್ತು ನಮ್ಮ ವ್ಯಾಖ್ಯಾನಕ್ರಮ: ಒಂದು ವಿಮರ್ಶೆ

ವಿವಾಹವಿಚ್ಛೇದನವನ್ನು ನೇರವಾಗಿ ಕುರಿತ ಸತ್ಯವೇದದ ಭಾಗಗಳು ಬೆರಳೆಣಿಕೆಯಷ್ಟು. ಮಾರ್ಕನ ಸುವಾರ್ತೆಯಲ್ಲಿ 11 ವಚನಗಳು, ಮತ್ತಾಯನಲ್ಲಿ ಎರಡು ಸಂದರ್ಭಗಳು, ಲೂಕನಲ್ಲಿ ಒಂದೇ ವಚನ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ 7 ವಚನಗಳು. ಹಳೆಯ ಒಡಂಬಡಿಕೆಯಲ್ಲಿ ಮುಖ್ಯವಾಗಿ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದ ಮೊದಲ ನಾಲ್ಕು ವಚನಗಳು ಮತ್ತು ಮಲಾಕಿಯನ ಎರಡನೆಯ ಅಧ್ಯಾಯದ ಒಂದು ಭಾಗ. ಇಷ್ಟು ಕಿರಿದಾದ ಆಧಾರದ ಮೇಲೆ ಸಭೆಯು ಎರಡು ಸಾವಿರ ವರ್ಷಗಳಿಂದ ಮನುಷ್ಯರ ಬಾಳನ್ನು ಕುರಿತು ತೀರ್ಪು ಹೇಳುತ್ತ ಬಂದಿದೆ. ಆ ತೀರ್ಪುಗಳು ಸರಿಯೋ ತಪ್ಪೋ ಎಂಬ ಪ್ರಶ್ನೆಗಿಂತ ಮೊದಲು, ಅವುಗಳನ್ನು ಯಾವ ಕ್ರಮದಿಂದ ಪಡೆಯಲಾಯಿತು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕಾಗಿದೆ.

ನಮ್ಮ ಪ್ರಸಂಗಪೀಠಗಳಲ್ಲಿ ಎರಡು ಕ್ರಮಗಳು ರೂಢಿಯಲ್ಲಿವೆ. ಮೊದಲನೆಯದು ಒಂದು ವಚನವನ್ನು ಆರಿಸಿಕೊಂಡು ಅದನ್ನೇ ಶಾಸನವನ್ನಾಗಿ ಮಾಡಿ, ಉಳಿದ ವಚನಗಳನ್ನು ಅದಕ್ಕೆ ಅಧೀನಪಡಿಸುವುದು. ಎರಡನೆಯದು ಈ ವಾಕ್ಯಗಳೆಲ್ಲವೂ ಮೊದಲನೆಯ ಶತಮಾನದ ಪದ್ಧತಿಗೆ ಸೇರಿದವು, ನಮ್ಮ ಕಾಲಕ್ಕೆ ಸಲ್ಲುವುದಿಲ್ಲವೆಂದು ಬದಿಗಿಡುವುದು. ಮೊದಲನೆಯ ಕ್ರಮಕ್ಕೆ ನಿಷ್ಠೆಯ ಹೆಸರಿದೆ, ಎರಡನೆಯದಕ್ಕೆ ಕರುಣೆಯ ಹೆಸರಿದೆ. ಎರಡೂ ವಾಕ್ಯವನ್ನು ಪೂರ್ತಿಯಾಗಿ ಕೇಳುವ ಶ್ರಮದಿಂದ ತಪ್ಪಿಸಿಕೊಳ್ಳುತ್ತವೆ ಎಂಬುದು ನಮ್ಮ ಅಭಿಪ್ರಾಯ. ಕರ್ತನ ಒಂದು ಮಾತನ್ನು ಹೇಗೆ ಕಾಯ್ದುಕೊಳ್ಳಬೇಕು, ಹೇಗೆ ಹೊಸ ಸಂದರ್ಭಕ್ಕೆ ಅನ್ವಯಿಸಬೇಕು ಎಂಬುದಕ್ಕೆ ಹೊಸ ಒಡಂಬಡಿಕೆಯೇ ಒಂದು ಮಾದರಿಯನ್ನು ಕೊಟ್ಟಿದೆ. ಅದನ್ನು ಈ ಲೇಖನದಲ್ಲಿ ಗುರುತಿಸಲು ಯತ್ನಿಸುತ್ತೇವೆ.

ನಾಲ್ವರು ಸಾಕ್ಷಿಗಳು

ಕಾಲಕ್ರಮದಲ್ಲಿ ಮೊದಲನೆಯ ಲಿಖಿತ ಸಾಕ್ಷ್ಯ ಸುವಾರ್ತೆಗಳದಲ್ಲ, ಪೌಲನದು. ಸುಮಾರು ಕ್ರಿ.ಶ. 54-55ರಲ್ಲಿ ಬರೆದ ಪತ್ರಿಕೆಯಲ್ಲಿ ಅವನು ವಿವಾಹಿತರಿಗೆ ಒಂದು ಅಪ್ಪಣೆಯನ್ನು ತಿಳಿಸುತ್ತ, ಇದು ತನ್ನದಲ್ಲ, ಕರ್ತನದೇ ಎಂದು ಸ್ಪಷ್ಟಪಡಿಸುತ್ತಾನೆ (1 ಕೊರಿಂಥ 7:10). ಹೆಂಡತಿ ಗಂಡನನ್ನು ಅಗಲಬಾರದು, ಗಂಡನು ಹೆಂಡತಿಯನ್ನು ಬಿಡಬಾರದು. ಆದರೆ ಈ ಅಪ್ಪಣೆಯ ನಡುವೆಯೇ ಅವನು, ಒಂದು ವೇಳೆ ಆಕೆ ಅಗಲಿದ್ದರೆ ಏನು ಮಾಡಬೇಕು ಎಂಬುದನ್ನೂ ಹೇಳುತ್ತಾನೆ. ಆಜ್ಞೆಯನ್ನು ಹೇಳಿದ ಉಸಿರಿನಲ್ಲಿಯೇ ಆಜ್ಞೆ ಮುರಿದುಬಿದ್ದ ಸ್ಥಿತಿಯನ್ನೂ ಅಪೊಸ್ತಲನು ಗಮನಕ್ಕೆ ತಂದುಕೊಳ್ಳುತ್ತಾನೆ. ಅಗಲಿದ ಆ ಸ್ತ್ರೀಯನ್ನು ಸಭೆಯಿಂದ ಹೊರಗಿಡುವ ಮಾತು ಅಲ್ಲಿಲ್ಲ.

ಮುಂದಿನ ಭಾಗ ಇನ್ನೂ ಮಹತ್ವದ್ದು. ನಂಬಿದವನೊಬ್ಬನ ಬಾಳಸಂಗಾತಿ ನಂಬದವಳಾಗಿದ್ದರೆ ಏನು? ಗಲಿಲಾಯದಲ್ಲಿ ಈ ಪ್ರಶ್ನೆ ಹುಟ್ಟಿರಲಿಲ್ಲ, ಕೊರಿಂಥದಲ್ಲಿ ಹುಟ್ಟಿತು. ಪೌಲನು ಇಲ್ಲಿ ಕರ್ತನ ಮಾತನ್ನು ಎಳೆದು ಹಿಗ್ಗಿಸುವುದಿಲ್ಲ. ಇದನ್ನು ತಾನೇ ಹೇಳುತ್ತಿದ್ದೇನೆ, ಕರ್ತನಲ್ಲ ಎಂದು ಮೊದಲೇ ತಿಳಿಸಿ, ಬಳಿಕ ತನ್ನ ನಿರ್ಣಯವನ್ನು ಕೊಡುತ್ತಾನೆ: ನಂಬದವರು ಕೂಡಿ ಬಾಳಲು ಒಪ್ಪಿದರೆ ಬಿಡಬಾರದು, ಅಗಲಿ ಹೋಗುವುದಾದರೆ ಹೋಗಲಿ, ಅಂಥ ಸಂದರ್ಭದಲ್ಲಿ ಸಹೋದರನಾಗಲಿ ಸಹೋದರಿಯಾಗಲಿ ಬದ್ಧರಲ್ಲ. ಇದಕ್ಕೆ ಅವನು ಕೊಡುವ ಕಾರಣ, ದೇವರ ಕರೆ ಸಮಾಧಾನದ ಕರೆ ಎಂಬುದು. ಇಲ್ಲಿ ಮೂರು ಹೆಜ್ಜೆಗಳಿವೆ. ಕರ್ತನ ಮಾತನ್ನು ಕಡಿಮೆಮಾಡದೆ ಮುಂದಿಡುವುದು. ಆ ಮಾತು ನೇರವಾಗಿ ಮುಟ್ಟದ ಸ್ಥಿತಿಯನ್ನು ಪ್ರಾಮಾಣಿಕವಾಗಿ ಗುರುತಿಸುವುದು. ಅಲ್ಲಿ ಹೇಳಿದ್ದು ವ್ಯಾಖ್ಯಾನವೆಂದು ಒಪ್ಪಿಕೊಂಡೇ, ಸುವಾರ್ತೆಯ ಗುರಿಯಿಂದ ನಿರ್ಣಯವನ್ನು ಪಡೆಯುವುದು.

ಮಾರ್ಕನ ನಿರೂಪಣೆ (10:2-12) ಅತಿ ಕಠಿನವಾದದ್ದು. ಫರಿಸಾಯರು ಪರೀಕ್ಷಿಸಲೆಂದು ಪ್ರಶ್ನೆ ಕೇಳುತ್ತಾರೆ. ಸ್ಥಳ ಯೂದಾಯ ಮತ್ತು ಯೊರ್ದನಿನ ಆಚೆಯ ಪ್ರಾಂತ. ಹೊಳೆಯ ಆಚೆಯ ಪೆರಾಯವು ಹೆರೋದ ಅಂತಿಪನ ಆಳ್ವಿಕೆಗೆ ಸೇರಿದ್ದು. ಅವನ ಮದುವೆಯನ್ನು ಖಂಡಿಸಿದ್ದಕ್ಕೇ ಸ್ನಾನಿಕನಾದ ಯೋಹಾನನು ತಲೆ ಕಳೆದುಕೊಂಡದ್ದು (6:17-28). ಆದುದರಿಂದ ಈ ಪ್ರಶ್ನೆಯಲ್ಲಿ ಪ್ರಾಣಾಪಾಯವೂ ಅಡಗಿತ್ತು. ಯೇಸುವು ಮೋಶೆಯ ಅನುಮತಿಯನ್ನು ಮನುಷ್ಯರ ಹೃದಯಕಾಠಿನ್ಯಕ್ಕೆ ಕೊಟ್ಟ ರಿಯಾಯಿತಿಯೆಂದು ಹೇಳಿ, ಆದಿಕಾಂಡದ ಸೃಷ್ಟಿವೃತ್ತಾಂತಕ್ಕೆ ಹಿಂದಿರುಗುತ್ತಾನೆ. ಸತ್ಯವೇದದೊಳಗಿನ ಒಂದು ವಾಕ್ಯವನ್ನು ಮತ್ತೊಂದು ವಾಕ್ಯದ ಬೆಳಕಿನಲ್ಲಿ ತೂಗಿ ನೋಡುವ ಕ್ರಮ ಇಲ್ಲಿ ಸ್ವಾಮಿಯ ಬಾಯಿಂದಲೇ ಬಂದಿದೆ. ಎಲ್ಲ ವಚನಗಳೂ ಒಂದೇ ಮಟ್ಟದಲ್ಲಿ ನಿಲ್ಲುತ್ತವೆ, ತೂಗುವುದೇ ಅವಿಶ್ವಾಸ ಎನ್ನುವವರು ಈ ಭಾಗವನ್ನು ಮತ್ತೆ ಓದಬೇಕು.

ಅದೇ ಭಾಗದ 12ನೆಯ ವಚನವು ಗಂಡನನ್ನು ಬಿಡುವ ಹೆಂಡತಿಯ ಮಾತನ್ನೂ ಎತ್ತುತ್ತದೆ. ಯೆಹೂದ್ಯ ಧರ್ಮಶಾಸ್ತ್ರದ ಪ್ರಕಾರ ತ್ಯಾಗಪತ್ರ ಕೊಡುವವನು ಗಂಡನು. ಹೆಂಡತಿಯೂ ವಿಚ್ಛೇದಿಸಬಹುದೆಂಬುದು ರೋಮನರ ಕಾನೂನು. ಆದುದರಿಂದ ಮಾರ್ಕನು ತನ್ನ ಓದುಗರ ಸನ್ನಿವೇಶಕ್ಕೆ ಕರ್ತನ ಮಾತನ್ನು ಅನ್ವಯಿಸಿರುವನೆಂದು ಅನೇಕ ವಿದ್ವಾಂಸರು ಎಣಿಸುತ್ತಾರೆ. ಲೂಕನ ಏಕೈಕ ವಚನ (16:18) ಪುರುಷರನ್ನು ಮಾತ್ರ ಕುರಿತದ್ದು. ಧರ್ಮಶಾಸ್ತ್ರದ ಒಂದು ಗುಡುಸೂ ಬಿದ್ದುಹೋಗದೆಂಬ ಮಾತಿನ ಬೆನ್ನಿಗೇ ಅದು ಬರುತ್ತದೆ.

ಮತ್ತಾಯನ ಸುವಾರ್ತೆಯಲ್ಲಿ ಪ್ರಶ್ನೆಯ ರೂಪವೇ ಬೇರೆ. ಯಾವುದಾದರೂ ಒಂದು ಕಾರಣಕ್ಕೆ ಹೆಂಡತಿಯನ್ನು ಬಿಡಬಹುದೇ ಎಂದು ಅಲ್ಲಿ ಕೇಳಲಾಗಿದೆ (19:3). ಮಿಷ್ನಾದ ಗಿಟ್ಟೀನ್ ಪ್ರಕರಣದ ಕೊನೆಯಲ್ಲಿ ದಾಖಲಾಗಿರುವ ವಾದವಿವಾದ ಇದರ ಹಿನ್ನೆಲೆ. ಧರ್ಮೋಪದೇಶಕಾಂಡ 24:1ರಲ್ಲಿ ಬರುವ ‘ಎರ್ವತ್ ದಾವಾರ್’ ಎಂಬ ಇಬ್ರಿಯ ಪದಗುಚ್ಛಕ್ಕೆ ಶಮ್ಮಾಯನ ಪಂಥದವರು ಲೈಂಗಿಕ ಅಶುದ್ಧತೆಯೆಂದು ಅರ್ಥ ಹೇಳಿದರು. ಹಿಲ್ಲೇಲನ ಪಂಥದವರು ಅಡುಗೆ ಕೆಡಿಸಿದ್ದೂ ಸಾಕಾದ ಕಾರಣವೆಂದರು. ಮತ್ತಾಯನು 5:32ರಲ್ಲಿಯೂ 19:9ರಲ್ಲಿಯೂ ಕೊಡುವ ಹೊರತುಮಾತು ಈ ಚರ್ಚೆಯ ನುಡಿಗಟ್ಟಿಗೆ ಬಹಳ ಹತ್ತಿರದ್ದು. ನೀತಿವಂತನಾದ ಯೋಸೇಫನು ಮರಿಯಳನ್ನು ಗುಟ್ಟಾಗಿ ಬಿಟ್ಟುಬಿಡಬೇಕೆಂದು ಯೋಚಿಸಿದ ಸಂಗತಿಯನ್ನು ಮೊದಲ ಅಧ್ಯಾಯದಲ್ಲಿಯೇ ಹೇಳಿದ ಸುವಾರ್ತಿಕನಿಗೆ ಈ ಹೊರತುಮಾತು ಅಪರಿಚಿತವಾದದ್ದಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಯೆಹೂದ್ಯರು ಹೆಂಗಸರನ್ನು ಮನಬಂದಂತೆ ಹೊರಹಾಕುತ್ತಿದ್ದರು, ಯೇಸುವು ಅವರನ್ನು ರಕ್ಷಿಸಿದನು ಎಂಬ ವಿವರಣೆ ನಮ್ಮ ಪ್ರಸಂಗಗಳಲ್ಲಿ ಬಹಳ ಜನಪ್ರಿಯ. ತ್ಯಾಗಪತ್ರವೆಂಬುದು ಬಿಡಲ್ಪಟ್ಟವಳಿಗೆ ಮತ್ತೆ ಮದುವೆಯಾಗುವ ಹಕ್ಕನ್ನು ಕೊಡುವ ರಕ್ಷಣಾಪತ್ರವೂ ಆಗಿತ್ತು. ಮದುವೆಯ ಕರಾರುಪತ್ರವಾದ ಕೆತುಬ್ಬಾ ಆಕೆಗೆ ಹಣದ ಆಸರೆಯನ್ನು ಒದಗಿಸುತ್ತಿತ್ತು. ಮೇಲಾಗಿ ಮಾರ್ಕನ ಭಾಗದಲ್ಲಿ ಯೇಸುವಿನ ವಾದವು ಸೃಷ್ಟಿಯನ್ನು ಆಧರಿಸಿದೆ, ಸ್ತ್ರೀರಕ್ಷಣೆಯನ್ನಲ್ಲ. ನಮಗೆ ಒಪ್ಪಿಗೆಯಾದ ಉದ್ದೇಶವನ್ನು ಪಠ್ಯದೊಳಕ್ಕೆ ತುಂಬುವುದೂ, ಅದಕ್ಕಾಗಿ ಮತ್ತೊಂದು ಜನಾಂಗವನ್ನು ಕಪ್ಪಾಗಿ ಚಿತ್ರಿಸುವುದೂ ಒಳ್ಳೆಯ ವ್ಯಾಖ್ಯಾನವಲ್ಲ.

ಎರಡು ಪದಗಳು, ಒಂದು ವಚನ

ಭಾಷಾಂತರವೇ ಮೊದಲ ವ್ಯಾಖ್ಯಾನ ಎಂಬುದಕ್ಕೆ ಎರಡು ಉದಾಹರಣೆಗಳನ್ನು ಕೊಡುತ್ತೇವೆ. ಮತ್ತಾಯ 19:9ರಲ್ಲಿ ಎರಡು ಬೇರೆ ಬೇರೆ ಗ್ರೀಕ್ ಮೂಲಗಳ ಪದಗಳಿವೆ. ಹೊರತುಮಾತಿನಲ್ಲಿರುವುದು ‘ಪೊರ್ನೆಯ’, ಮರುಮದುವೆಯ ದೋಷವನ್ನು ಹೇಳುವ ಕ್ರಿಯಾಪದವು ‘ಮೊಯ್ಖೆಯ’ ಎಂಬುದಕ್ಕೆ ಸಂಬಂಧಿಸಿದ್ದು. ಎರಡನೆಯದು ವಿವಾಹದ ನಂಟನ್ನು ಮುರಿಯುವ ವ್ಯಭಿಚಾರ. ಮೊದಲನೆಯದು ವ್ಯಾಪಕವಾದ ಪದ, ಕೊರಿಂಥದಲ್ಲಿ ತಂದೆಯ ಹೆಂಡತಿಯನ್ನು ಇಟ್ಟುಕೊಂಡವನ ಪಾಪಕ್ಕೂ ಅದೇ ಪದವಿದೆ (1 ಕೊರಿಂಥ 5:1), ಯೆರೂಸಲೇಮಿನ ಸಭೆಯ ನಿರ್ಣಯದಲ್ಲಿಯೂ ಅದೇ ಪದವಿದೆ (ಅ.ಕೃ. 15:20). ಆದುದರಿಂದ ಕೆಲವರು ಅದನ್ನು ವ್ಯಭಿಚಾರವೆಂದೂ, ಕೆಲವರು ಯಾಜಕಕಾಂಡ 18ರಲ್ಲಿ ನಿಷೇಧಿಸಿದ ರಕ್ತಸಂಬಂಧದ ಮದುವೆಯೆಂದೂ, ಮತ್ತೆ ಕೆಲವರು ನಿಶ್ಚಿತಾರ್ಥದ ಕಾಲದ ಅಪನಿಷ್ಠೆಯೆಂದೂ ಗ್ರಹಿಸಿದ್ದಾರೆ. ಹಾದರ, ವ್ಯಭಿಚಾರ, ಜಾರತ್ವ ಎಂಬ ಪದಗಳು ಕನ್ನಡದ ಕಿವಿಗೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಮೂಲದಲ್ಲಿರುವ ಈ ಅಂತರ ನಮ್ಮ ಓದುಗನಿಗೆ ಕೇಳಿಸುವುದೇ ಇಲ್ಲ. ಮೂರು ಅರ್ಥಗಳಿಗೆ ಎಡೆಯಿರುವ ಕಡೆ ಒಂದೇ ಅರ್ಥದ ಮೇಲೆ ಶಿಸ್ತುಕ್ರಮವನ್ನು ಕಟ್ಟುವವರು ತಮ್ಮ ಅಡಿಪಾಯವನ್ನು ಒಮ್ಮೆ ತಟ್ಟಿ ನೋಡಬೇಕು.

ಎರಡನೆಯ ಉದಾಹರಣೆ ಮಲಾಕಿಯ 2:16. ದೇವರು ವಿಚ್ಛೇದನವನ್ನು ಹಗೆಮಾಡುತ್ತಾನೆ ಎಂಬ ಅರ್ಥದಲ್ಲಿ ಈ ವಚನವನ್ನು ಎಷ್ಟು ಸಲ ಉದ್ಧರಿಸುತ್ತೇವೆಂದರೆ, ಅದಕ್ಕೆ ಬೇರೆ ಅರ್ಥ ಇರಬಹುದೆಂಬ ಅನುಮಾನವೇ ನಮಗೆ ಬರುವುದಿಲ್ಲ. ಇಬ್ರಿಯ ಮೂಲದಲ್ಲಿ ‘ನಾನು’ ಎಂಬ ಕರ್ತೃಪದವಿಲ್ಲ. ಹಗೆಮಾಡುವ ಕ್ರಿಯೆ ಪ್ರಥಮಪುರುಷದಲ್ಲಿ, ಅಂದರೆ ‘ಅವನು’ ಎಂಬ ರೂಪದಲ್ಲಿ ಇದೆ. ಗ್ರೀಕ್ ಸೆಪ್ಟುವಜಿಂಟ್ ಭಾಷಾಂತರವು ಇದನ್ನು ಹಗೆಮಾಡಿ ಕಳುಹಿಸಿಬಿಡುವ ಗಂಡನನ್ನು ಕುರಿತ ಮಾತನ್ನಾಗಿ ತೆಗೆದುಕೊಂಡಿತು. ಮೃತಸಮುದ್ರದ ಬಳಿ ದೊರೆತ ಸುರುಳಿಯೊಂದೂ ಜೆರೋಮನ ಲತೀನ್ ಭಾಷಾಂತರವೂ ಲೂಥರನ ಜರ್ಮನ್ ಭಾಷಾಂತರವೂ ಹಗೆಮಾಡುವುದಾದರೆ ಕಳುಹಿಸಿಬಿಡು ಎಂಬ ಧಾಟಿಯಲ್ಲಿ ಓದಿದವು. 1611ರ ಇಂಗ್ಲಿಷ್ ಭಾಷಾಂತರ ದೇವರೇ ಹಗೆಮಾಡುವವನೆಂದು ಓದಿತು. ಇತ್ತೀಚಿನ ಕೆಲವು ಭಾಷಾಂತರಗಳು, ಹೆಂಡತಿಯನ್ನು ಹಗೆಮಾಡಿ ಬಿಟ್ಟುಬಿಡುವವನು ತನ್ನ ವಸ್ತ್ರವನ್ನು ಹಿಂಸೆಯಿಂದ ಮುಚ್ಚಿಕೊಳ್ಳುತ್ತಾನೆ ಎಂಬ ಅರ್ಥಕ್ಕೆ ಹಿಂದಿರುಗಿವೆ. ಒಂದೇ ವಚನದಿಂದ ಅನುಮತಿಯನ್ನೂ ನಿಷೇಧವನ್ನೂ ಸಭೆಯು ಬೇರೆ ಬೇರೆ ಕಾಲಗಳಲ್ಲಿ ಪಡೆದಿದೆ.

ಯಾವ ಓದನ್ನು ಒಪ್ಪಿದರೂ ಎರಡು ಸಂಗತಿಗಳು ನಿಲ್ಲುತ್ತವೆ. ಪ್ರವಾದಿಯ ಖಂಡನೆ ಯೌವನದ ಹೆಂಡತಿಗೆ ದ್ರೋಹಬಗೆದ ಗಂಡಸರ ಮೇಲಿದೆ. ಹಾಗೂ ಅದೇ ವಚನದ ಎರಡನೆಯ ಅರ್ಧದಲ್ಲಿ ‘ಹಾಮಾಸ್’, ಹಿಂಸೆ, ಎಂಬ ಪದವಿದೆ. ಹೊಡೆತ ತಾಳಲಾರದೆ ತವರಿಗೆ ಬಂದ ಹೆಣ್ಣುಮಗಳಿಗೆ ಈ ವಚನದ ಅರ್ಧವನ್ನಷ್ಟೇ ಓದಿ ಹೇಳಿ ಹಿಂದಕ್ಕೆ ಕಳುಹಿಸುವ ಪಾಲಕನು, ಪ್ರವಾದಿಯು ಆಕೆಯ ಪರವಾಗಿ ಹೇಳಿದ ಮಾತನ್ನು ಆಕೆಯ ಮೇಲೆಯೇ ಎತ್ತುತ್ತಾನೆ. ಸತ್ಯವೇದವು ಇನ್ನೂ ಮುಂದೆ ಹೋಗಿದೆ: ಯೆರೆಮೀಯ 3:8ರಲ್ಲಿ ದೇವರು ತಾನೇ ಭ್ರಷ್ಟಳಾದ ಇಸ್ರಾಯೇಲಿಗೆ ತ್ಯಾಗಪತ್ರ ಕೊಟ್ಟವನಾಗಿ ಮಾತಾಡುತ್ತಾನೆ; ಎಜ್ರನ ಹತ್ತನೆಯ ಅಧ್ಯಾಯದಲ್ಲಿ ಅನ್ಯಸ್ತ್ರೀಯರನ್ನು ಕಳುಹಿಸಿಬಿಡುವುದೇ ವಿಧೇಯತೆಯೆನಿಸುತ್ತದೆ. ಈ ಸಾಕ್ಷಿಗಳನ್ನು ಒಂದೇ ಸಾಲಿಗೆ ಇಳಿಸಲಾಗದು.

ಸಂಪ್ರದಾಯಗಳು ಆರಿಸಿಕೊಂಡದ್ದು

ಸಭೆಯ ಇತಿಹಾಸದಲ್ಲಿ ಪ್ರತಿಯೊಂದು ಸಂಪ್ರದಾಯವೂ ಈ ಸಾಕ್ಷಿಗಳಲ್ಲಿ ಒಬ್ಬನ ಕೈಹಿಡಿದಿದೆ. ಪಶ್ಚಿಮದಲ್ಲಿ ಅಗಸ್ಟೀನನು ಮಾರ್ಕ, ಲೂಕರ ಕಟ್ಟುನಿಟ್ಟನ್ನು ಆಧರಿಸಿ ಮತ್ತಾಯನ ಹೊರತುಮಾತನ್ನು ಅಗಲಿಕೆಗೆ ಮಾತ್ರ ಸೀಮಿತಗೊಳಿಸಿದನು. ಮರುಮದುವೆಗೆ ಅದರಲ್ಲಿ ಆಸ್ಪದ ಕಾಣಲಿಲ್ಲ. ಎಫೆಸ 5:32ರ ‘ಮುಸ್ತೇರಿಯೊನ್’ ಎಂಬ ಗ್ರೀಕ್ ಪದಕ್ಕೆ ಲತೀನಿನಲ್ಲಿ ‘ಸಾಕ್ರಮೆಂತುಮ್’ ಎಂಬ ಪದ ಬಂದದ್ದು, ವಿವಾಹವು ಅಳಿಸಲಾಗದ ಸಂಸ್ಕಾರವೆಂಬ ವಿಚಾರಕ್ಕೆ ಬಲ ಕೊಟ್ಟಿತು. ಎರಾಸ್ಮಸನು ತನ್ನ ಹೊಸ ಒಡಂಬಡಿಕೆಯ 1519ರ ಆವೃತ್ತಿಯ ಟಿಪ್ಪಣಿಗಳಲ್ಲಿಯೂ, ಲೂಥರನು 1520ರ ‘ಬಾಬಿಲೋನಿನ ಸೆರೆ’ ಗ್ರಂಥದಲ್ಲಿಯೂ ಈ ಕಟ್ಟಡದ ಆಧಾರಗಳನ್ನು ಪ್ರಶ್ನಿಸಿದರು. ಸುಧಾರಕರು ಮತ್ತಾಯನ ಹೊರತುಮಾತನ್ನೂ ಪೌಲನ ನಿರ್ಣಯವನ್ನೂ ಮುಂದಿಟ್ಟು, ವ್ಯಭಿಚಾರ ಮತ್ತು ತೊರೆದುಹೋಗುವಿಕೆ ಎಂಬ ಎರಡು ಕಾರಣಗಳನ್ನು ಒಪ್ಪಿದರು. ಪೂರ್ವದ ಸಭೆಗಳು ತತ್ತ್ವವನ್ನು ಸಡಿಲಿಸದೆ, ಬಿದ್ದವರ ವಿಷಯದಲ್ಲಿ ಮನೆವಾರ್ತೆಯ ಕರುಣೆಯೆಂಬ ‘ಒಯ್ಕೊನೊಮಿಯ’ದಿಂದ ಪಶ್ಚಾತ್ತಾಪದ ಪ್ರಾರ್ಥನೆಗಳೊಂದಿಗೆ ಮರುಮದುವೆಗೆ ಅವಕಾಶ ಕೊಟ್ಟವು.

1563ರಲ್ಲಿ ಟ್ರೆಂಟ್ ಸಭೆಯು ಅಂಗೀಕರಿಸಿದ ಏಳನೆಯ ವಿಧಿ ಇಲ್ಲಿ ಗಮನಾರ್ಹ. ವೆನಿಸಿನ ಪ್ರತಿನಿಧಿಗಳ ಕೋರಿಕೆಯಂತೆ ಅದರ ಪದಗಳನ್ನು ಬದಲಿಸಿ, ರೋಮಿನ ಬೋಧನೆ ತಪ್ಪೆನ್ನುವವರನ್ನು ಖಂಡಿಸಲಾಯಿತೇ ಹೊರತು ಬೇರೆ ಪದ್ಧತಿಯನ್ನು ಅನುಸರಿಸುವ ಗ್ರೀಕ್ ಸಭೆಯವರನ್ನು ನೇರವಾಗಿ ಖಂಡಿಸಲಿಲ್ಲ. ಅತ್ಯಂತ ಕಟ್ಟುನಿಟ್ಟಾದ ಸಭೆಯೂ ಮತ್ತೊಂದು ಓದಿನ ಮುಂದೆ ಲೇಖನಿಯನ್ನು ತಡೆಹಿಡಿದ ಸಂದರ್ಭವಿದು.

ನಮ್ಮ ನೆಲದ ಕಾನೂನು, ನಮ್ಮ ಸಭೆಯ ಮೌನ

ಈ ವ್ಯಾಖ್ಯಾನಗಳು ಭಾರತದಲ್ಲಿ ಕಾನೂನಿನ ರೂಪವನ್ನೂ ಪಡೆದವು. 1866ರ ಮತಾಂತರಿತರ ವಿವಾಹವಿಸರ್ಜನಾ ಕಾಯಿದೆಯು, ಕ್ರಿಸ್ತನನ್ನು ನಂಬಿದ ಕಾರಣಕ್ಕೆ ಸಂಗಾತಿಯಿಂದ ತೊರೆಯಲ್ಪಟ್ಟವರಿಗೆ ಬಿಡುಗಡೆಯ ದಾರಿ ತೆರೆಯಿತು. ಪೌಲನು ಕೊರಿಂಥಕ್ಕೆ ಕೊಟ್ಟ ನಿರ್ಣಯದ ನೆರಳು ಅದರ ಮೇಲೆ ಸ್ಪಷ್ಟವಾಗಿದೆ. ಮೂರು ವರ್ಷಗಳ ಬಳಿಕ ಬಂದ 1869ರ ಭಾರತೀಯ ವಿಚ್ಛೇದನ ಕಾಯಿದೆಯ ಕಥೆ ಬೇರೆ. ಅದರ ಹತ್ತನೆಯ ಕಲಮಿನ ಪ್ರಕಾರ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಾದ ಕಾರಣ. ಹೆಂಡತಿಗೆ ಗಂಡನ ವ್ಯಭಿಚಾರವೊಂದೇ ಸಾಲದು. ಅದರ ಜೊತೆಗೆ ಕ್ರೌರ್ಯವೋ ಎರಡು ವರ್ಷಗಳ ಪರಿತ್ಯಾಗವೋ ಸೇರಿರಬೇಕು. ಕ್ರೌರ್ಯ ಮಾತ್ರ ಇದ್ದರೆ ವಿಚ್ಛೇದನವಿಲ್ಲ, ನ್ಯಾಯಿಕ ಪ್ರತ್ಯೇಕತೆ ಮಾತ್ರ.

ಈ ಅಸಮತೆ ಸತ್ಯವೇದದ್ದಲ್ಲ, 1857ರ ಇಂಗ್ಲೆಂಡಿನ ಕಾಯಿದೆಯದು. ಮಾರ್ಕನ 10:11-12ರಲ್ಲಿ ಗಂಡನಿಗೂ ಹೆಂಡತಿಗೂ ಒಂದೇ ಅಳತೆಗೋಲು. ಪೌಲನು ಪ್ರತಿಯೊಂದು ಮಾತನ್ನೂ ಗಂಡನಿಗೆ ಒಮ್ಮೆ, ಹೆಂಡತಿಗೆ ಒಮ್ಮೆ ಹೇಳುತ್ತಾನೆ. ಇಂಗ್ಲೆಂಡು ತನ್ನ ಕಾನೂನನ್ನು 1923ರಲ್ಲಿ ಸರಿಪಡಿಸಿಕೊಂಡಿತು. ನಮ್ಮಲ್ಲಿ 1995ರಲ್ಲಿ ಕೇರಳ ಉಚ್ಚ ನ್ಯಾಯಾಲಯವು ಈ ಕಲಮಿನ ಕೆಲವು ಭಾಗಗಳನ್ನು ರದ್ದುಗೊಳಿಸಿತು. 2001ರ ತಿದ್ದುಪಡಿ ಗಂಡಹೆಂಡಿರಿಬ್ಬರಿಗೂ ಸಮಾನ ಕಾರಣಗಳನ್ನು ಕೊಟ್ಟು, ಕ್ರೌರ್ಯವನ್ನು ಸ್ವತಂತ್ರ ಕಾರಣವೆಂದು ಒಪ್ಪಿತು. 132 ವರ್ಷಗಳ ಕಾಲ ಕ್ರೈಸ್ತರೆಂಬ ಹೆಸರಿನಲ್ಲಿಯೇ ನಡೆದ ಈ ಅನ್ಯಾಯವನ್ನು ಮಾರ್ಕನ ಎರಡು ವಚನಗಳಿಂದ ಅಳೆದು ನೋಡಬೇಕೆಂದು ನಮ್ಮ ಬೋಧನೆ ಬಹುಮಟ್ಟಿಗೆ ಒತ್ತಾಯಿಸಲಿಲ್ಲ. ವಾಕ್ಯಕ್ಕೆ ನಿಷ್ಠರೆಂದು ಹೇಳಿಕೊಳ್ಳುವವರು ವಾಕ್ಯವು ಕಟ್ಟುವ ಕಡೆ ಮಾತ್ರವಲ್ಲ, ಬಿಡಿಸುವ ಕಡೆಯೂ ನಿಷ್ಠರಾಗಿರಬೇಕಿತ್ತು.

2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ದಕ್ಷಿಣ ಕನ್ನಡದ ಕ್ಲಾರೆನ್ಸ್ ಪೈಸ್ ಅವರ ಅರ್ಜಿಯನ್ನು ತಳ್ಳಿಹಾಕಿ, ಕಥೋಲಿಕ ಸಭೆಯ ನ್ಯಾಯಮಂಡಲಿ ಕೊಡುವ ವಿವಾಹ ಅನೂರ್ಜಿತತೆಯ ತೀರ್ಪು ನಾಗರಿಕ ಕಾನೂನಿನ ವಿಚ್ಛೇದನಕ್ಕೆ ಬದಲಾಗದೆಂದು ಸ್ಪಷ್ಟಪಡಿಸಿತು. ಇದರಿಂದ ಸಭೆಯ ಹೊಣೆ ಕಡಿಮೆಯಾಗಲಿಲ್ಲ. ಕಾನೂನು ಬಿಡುಗಡೆ ಕೊಟ್ಟ ಬಳಿಕವೂ ಕರ್ತನ ಮೇಜಿನ ಬಳಿ ಬರಬಹುದೇ ಎಂದು ಅಂಜುತ್ತ ಹಿಂದಿನ ಸಾಲಿನಲ್ಲಿ ಕೂತವರಿಗೆ ಉತ್ತರ ಹೇಳಬೇಕಾದದ್ದು ನ್ಯಾಯಾಲಯವಲ್ಲ.

ಒಂದು ಆಕ್ಷೇಪಣೆ

ಕ್ರೌರ್ಯವೆಂಬ ಕಾರಣ ಹೊಸ ಒಡಂಬಡಿಕೆಯಲ್ಲಿ ಎಲ್ಲಿದೆ, ಇಲ್ಲದ್ದನ್ನು ಸೇರಿಸುವುದು ವಾಕ್ಯಕ್ಕೆ ಕೂಡಿಸಿದಂತೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಹಗುರವಾದದ್ದಲ್ಲ. ಡೇವಿಡ್ ಇನ್‌ಸ್ಟನ್-ಬ್ರೂಅರ್ ಇದಕ್ಕೆ ವಿಮೋಚನಕಾಂಡ 21:10-11ರಿಂದ ಉತ್ತರಿಸಿದ್ದಾರೆ. ಅನ್ನ, ಬಟ್ಟೆ, ದಾಂಪತ್ಯದ ಹಕ್ಕು ಈ ಮೂರನ್ನು ಕೊಡದವನಿಂದ ದಾಸಿಯಾದ ಹೆಂಡತಿಯೂ ಬಿಡುಗಡೆ ಹೊಂದಬಹುದೆಂದು ಅಲ್ಲಿದೆ. ರಬ್ಬಿಗಳು ಇದನ್ನು ಎಲ್ಲ ಹೆಂಡತಿಯರಿಗೂ ಅನ್ವಯಿಸಿದ್ದರು. ಯೇಸುವು ಇದನ್ನು ತಿರಸ್ಕರಿಸದಿರುವುದರಿಂದ ಒಪ್ಪಿದನೆಂದೇ ಎಣಿಸಬೇಕು ಎಂಬುದು ಅವರ ವಾದ. ವಿಮೋಚನಕಾಂಡದ ಆ ವಚನಗಳನ್ನು ನಮ್ಮ ನೆನಪಿಗೆ ತಂದದ್ದು ದೊಡ್ಡ ಉಪಕಾರ. ಆದರೆ ಮೌನವನ್ನು ಸಮ್ಮತಿಯೆಂದು ಓದುವುದು ದುರ್ಬಲವಾದ ತರ್ಕ. ಅದೇ ತರ್ಕದಿಂದ ಯೇಸು ಹೇಳದ ಇನ್ನೂ ಎಷ್ಟೋ ಸಂಗತಿಗಳನ್ನು ಅವನ ಮೇಲೆ ಹೊರಿಸಬಹುದು.

ಪೌಲನ ದಾರಿಯೇ ಹೆಚ್ಚು ಪ್ರಾಮಾಣಿಕವಾದದ್ದೆಂದು ನಮಗೆ ತೋರುತ್ತದೆ. ಕರ್ತನು ಕೂಡಿಸಿದ್ದನ್ನು ಮನುಷ್ಯನು ಅಗಲಿಸಬಾರದೆಂಬ ಮಾತನ್ನು ನಾವು ತಗ್ಗಿಸುವುದಿಲ್ಲ. ಮದುವೆಯಾಗುವ ಜೋಡಿಗಳ ಮುಂದೆ ಅದನ್ನು ಪೂರ್ತಿಯಾಗಿ ಸಾರುತ್ತೇವೆ. ಬೇಸರ ಬಂದಾಗ ಕಳಚಿಡುವ ಉಡುಪಿನಂತೆ ವಿವಾಹವನ್ನು ಕಾಣುವ ಮನೋಭಾವವನ್ನು ಆ ಮಾತು ಇಂದಿಗೂ ಖಂಡಿಸುತ್ತದೆ. ಆದರೆ ಕೈಯೆತ್ತಿ ಹೊಡೆಯುವವನು ಆ ನಂಟನ್ನು ಆಗಲೇ ಅಗಲಿಸಿದ್ದಾನೆ. ಪೌಲನ ನಿರ್ಣಯದಲ್ಲಿ ಹೊರಟುಹೋದವನು ಮನೆಬಾಗಿಲನ್ನು ದಾಟಿ ಹೋದನು. ಹಿಂಸಕನು ಮನೆಯೊಳಗೇ ಇದ್ದು ಒಡಂಬಡಿಕೆಯಿಂದ ಹೊರಟುಹೋಗಿದ್ದಾನೆ. ಅವನಿಂದ ದೂರವಾದವಳನ್ನು ಒಡಕಿನ ಕಾರಣಳೆಂದು ಎಣಿಸುವುದು ಸತ್ಯಕ್ಕೆ ವಿರುದ್ಧ. ಇದು ನಮ್ಮ ನಿರ್ಣಯ, ಕರ್ತನ ನೇರವಾದ ಮಾತಲ್ಲ ಎಂದು ಒಪ್ಪಿಕೊಂಡೇ ಹೇಳುತ್ತೇವೆ. ಹಾಗೆ ಒಪ್ಪಿಕೊಳ್ಳುವುದನ್ನು ಅಪೊಸ್ತಲನೇ ಕಲಿಸಿದ್ದಾನೆ. ದೇವರ ಕರೆ ಸಮಾಧಾನದ ಕರೆ ಎಂಬ ಅವನ ಕಾರಣವೇ ನಮ್ಮ ಕಾರಣವೂ ಆಗಿದೆ.

ಅಧೀನತೆಯ ವಚನದಿಂದ ಇದಕ್ಕೆ ಪ್ರತಿವಾದ ಹೂಡುವವರಿಗೆ ಒಂದು ಮಾತು. ಎಫೆಸ 5:22ರಲ್ಲಿ ಅತ್ಯಂತ ಹಳೆಯ ಹಸ್ತಪ್ರತಿಗಳು ಕ್ರಿಯಾಪದವನ್ನೇ ಹೊಂದಿಲ್ಲ. ಅದು ಒಬ್ಬರಿಗೊಬ್ಬರು ಅಧೀನರಾಗಿರಬೇಕೆಂಬ 21ನೆಯ ವಚನದಿಂದ ಕ್ರಿಯೆಯನ್ನು ಪಡೆಯುತ್ತದೆ. ಗಂಡನಿಗೆ ಅಲ್ಲಿ ಕೊಟ್ಟ ಮಾದರಿ ತನ್ನನ್ನು ಒಪ್ಪಿಸಿಕೊಟ್ಟ ಕ್ರಿಸ್ತನದು. ಈ ಭಾಗದಲ್ಲಿ ಹೊಡೆಯುವವನಿಗೆ ಆಶ್ರಯವಿಲ್ಲ.

ಪಾಲಕರ ಹೊಣೆ

ಈ ವಿಮರ್ಶೆಯಿಂದ ಮೂರು ಕರ್ತವ್ಯಗಳು ಹೊರಡುತ್ತವೆ. ಮೊದಲನೆಯದಾಗಿ, ವಿಚ್ಛೇದನವನ್ನು ಕುರಿತು ಪ್ರಸಂಗಿಸುವವರು ನಾಲ್ವರು ಸಾಕ್ಷಿಗಳನ್ನೂ ಸಭೆಯ ಮುಂದೆ ತರಬೇಕು. ಒಬ್ಬನನ್ನು ಕರೆದು ಮೂವರ ಬಾಯಿ ಕಟ್ಟಬಾರದು. ಎರಡನೆಯದಾಗಿ, ವಾಕ್ಯ ಹೇಳಿದ್ದು ಯಾವುದು, ನಾವು ಅದರಿಂದ ತೆಗೆದ ನಿರ್ಣಯ ಯಾವುದು ಎಂಬುದನ್ನು ಪಾಲಕನು ಬಿಡಿಸಿ ತೋರಿಸಬೇಕು. ತನ್ನ ಅಭಿಪ್ರಾಯಕ್ಕೆ ಕರ್ತನ ಮುದ್ರೆ ಒತ್ತುವವನು ಪೌಲನಿಗಿಂತ ಹೆಚ್ಚಿನ ಅಧಿಕಾರವನ್ನು ತನಗೆ ತಾನೇ ಕೊಟ್ಟುಕೊಂಡಂತೆ. ಮೂರನೆಯದಾಗಿ, ಮನೆಯಲ್ಲಿ ಹಿಂಸೆ ನಡೆಯುತ್ತಿದೆಯೆಂದು ತಿಳಿದ ಕೂಡಲೇ ವ್ಯಾಖ್ಯಾನದ ಚರ್ಚೆಗಿಂತ ಮೊದಲು ಪ್ರಾಣರಕ್ಷಣೆಗೆ ಮುಂದಾಗಬೇಕು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ ಕ್ರೈಸ್ತರಿಗೂ ಸಲ್ಲುತ್ತದೆ. ಅದರಡಿ ರಕ್ಷಣೆಯ ಆದೇಶವನ್ನೂ ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೇಳಬಹುದೆಂಬುದನ್ನು ಪ್ರತಿಯೊಬ್ಬ ಸಭಾಪಾಲಕನೂ ತಿಳಿದಿರಬೇಕು. ತಾಳಿಕೋ ಎಂಬ ಉಪದೇಶ ಅಂಥ ವೇಳೆಯಲ್ಲಿ ಪಾಲನೆಯಲ್ಲ.

ಹೃದಯಕಾಠಿನ್ಯಕ್ಕಾಗಿ ಮೋಶೆ ಅನುಮತಿ ಕೊಟ್ಟನೆಂದು ಸ್ವಾಮಿ ಹೇಳಿದನು. ಆ ಕಾಠಿನ್ಯ ಮದುವೆ ಮುರಿದವರಲ್ಲಿ ಮಾತ್ರ ಇದೆಯೆಂದು ಎಣಿಸಿ ನಾವು ಆ ಭಾಗವನ್ನು ಓದುತ್ತ ಬಂದಿದ್ದೇವೆ. ವಾಕ್ಯವನ್ನು ಹಿಡಿದು ಗಾಯಗೊಂಡವರ ಮುಂದೆ ನಿಲ್ಲುವ ವ್ಯಾಖ್ಯಾನಕಾರನ ಹೃದಯವೂ ಅದೇ ಮಾತಿನ ಪರೀಕ್ಷೆಗೆ ಒಳಪಟ್ಟಿದೆ.